ಬೆನ್ನ ಹಿಂದಿನ ಹುಕ್ಕು

ಹೊಲಿಗೆಯಕ್ಕನ ಮನೆ ಯಾವುದು ಎಂದು ಆ ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ, ನಿಮ್ಮ ಮಾತು ಮುಗಿಯುವ ಮೊದಲೇ ಬೆರಳು ತೋರಿಸುತ್ತಿದ್ದರು. ಬೇಕರಿಯ ಎದುರಿಗೆ ನೀಲಿ ಬಾಗಿಲಿನ ಮನೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಆತುಕೊಂಡು ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಆಚೆ ಒಂದು ಮರದ ಕುರ್ಚಿ. ಯಂತ್ರದ ಮುಂದೆ ಸೊಸೆ, ಕುರ್ಚಿಯಲ್ಲಿ ಅತ್ತೆ.

ಹಿಂದೆ ಇದು ತಿರುವುಮುರುವಾಗಿತ್ತು. ಯಂತ್ರ ಅತ್ತೆಯದು, ಈಗ ಸೊಸೆಗೆ ಬಂದಿರುವ ಹೊಲಿಗೆಯಕ್ಕ ಎಂಬ ಹೆಸರೂ ಆಗ ಅತ್ತೆಯದೇ. ಸೊಸೆ ಈ ಮನೆಗೆ ಬಂದಾಗ ಅವಳಿಗೆ ನೆಟ್ಟಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಅತ್ತೆ ಬಯ್ಯುತ್ತಾ, ನಗುತ್ತಾ, ಹೊಲಿದದ್ದನ್ನು ಬಿಚ್ಚಿಸಿ ಮತ್ತೆ ಹೊಲಿಸುತ್ತಾ ಕೈ ಹಿಡಿದು ಕಲಿಸಿದಳು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದೇ ಮಾತು: "ಮೈ ಮುಟ್ಟಿ ಅಳತೆ ತಗೊಳ್ದೆ ಕತ್ತರಿ ಹಿಡೀಬೇಡ ಕಣೇ. ಹಳೇ ಬಟ್ಟೆ ತಂದು ಇದರ ಹಾಗೇ ಹೊಲೀರಿ ಅಂತಾರೆ. ಹಾಗೇ ಹೊಲಿದರೆ ಹೊಸದು ಮೈಗೆ ಚುಚ್ಚತ್ತೆ."

ಆಮೇಲೆ ಅತ್ತೆಯ ತಲೆಯಿಂದ ಒಂದೊಂದಾಗಿ ನೂಲು ಕಳಚತೊಡಗಿತು. ಮೊದಲು ಗಿರಾಕಿಗಳ ಮುಖ ಮರೆತಳು, ಆಮೇಲೆ ಊಟ ಮಾಡಿದ್ದು ಮರೆತಳು. ಕೊನೆಗೆ ಮನೆಯ ಬಾಗಿಲು ಯಾವುದೆಂದೂ ಮರೆತಳು. ಒಂದು ದಿನ ಮಧ್ಯಾಹ್ನ ಮಾಯವಾದವಳು ಸಂಜೆಗೆ ಸಿಕ್ಕಿದ್ದು ಬಸ್ ಡಿಪೋದಲ್ಲಿ. ಒಬ್ಬ ಕಂಡಕ್ಟರನನ್ನು ಗೋಡೆಗೆ ನಿಲ್ಲಿಸಿ ಗೇಣಿನಲ್ಲಿ ಅವನ ಭುಜ ಅಳೆಯುತ್ತಿದ್ದಳಂತೆ. ಆ ಪುಣ್ಯಾತ್ಮನೂ ಟಿಕೆಟ್ಟಿನ ಚೀಲ ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದನಂತೆ. ಹೊಲಿಗೆಯಕ್ಕನ ಗಂಡ ಅದೇ ಡಿಪೋದ ಡ್ರೈವರು. ತಾಯಿಯನ್ನು ಕರೆತಂದು, "ನಮ್ಮಮ್ಮ ಇಡೀ ಡಿಪೋಗೆ ಯೂನಿಫಾರ್ಮ್ ಹೊಲಿಯೋ ಕಂಟ್ರಾಕ್ಟ್ ಹಿಡಿದುಬಿಟ್ಟಿದಾಳೆ" ಎಂದು ನಗಿಸಿದ. ಎಲ್ಲರೂ ನಕ್ಕರು. ಹೊಲಿಗೆಯಕ್ಕ ಮಾತ್ರ ನಗಲಿಲ್ಲ. ಡಿಪೋಗೆ ಹೋಗಲು ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಲಾರಿಗಳು ಯಾರಿಗೂ ನಿಲ್ಲುವುದಿಲ್ಲ.

ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕೆಂದರೆ ಹೊಲಿಯುವ ಕಣ್ಣು ಯಾವುದು? ಬಾಗಿಲಿಗೆ ಚಿಲಕ ಹಾಕಿದರೆ ಗಿರಾಕಿ ತೆಗೆಸುತ್ತಾನೆ. ಅವನು ತೆಗೆಸಿದರೆ ಅತ್ತೆ ನುಸುಳುತ್ತಾಳೆ. ಹೀಗೆ ಕುತ್ತಿಗೆಗೆ ಬಂದಾಗ ಹೊಲಿಗೆಯವಳಿಗೆ ಹೊಳೆದದ್ದು ಹೊಲಿಗೆಯವಳಿಗೆ ಹೊಳೆಯುವಂಥದೇ. ದಪ್ಪ ಹತ್ತಿ ಬಟ್ಟೆಯಲ್ಲಿ ಅಗಲವಾದ ಒಂದು ಪಟ್ಟಿ ಕತ್ತರಿಸಿದಳು. ಮೈಗೆ ತಾಗುವ ಕಡೆ ಮಗುವಿನ ಬಟ್ಟೆಗೆ ಹಾಕುವಂಥ ಮೆತ್ತನೆಯ ಒಳಪಟ್ಟಿ ಹೊಲಿದಳು. ಅತ್ತೆಯ ಸೊಂಟ ಮುಟ್ಟಿ, ಉಸಿರಾಡಲು ಎರಡು ಬೆರಳು ಸಡಿಲ ಬಿಟ್ಟು, ಕುರ್ಚಿಯ ಬೆನ್ನ ಹಿಂದೆ ಹುಕ್ಕು ಇಟ್ಟಳು. ಕುಳಿತವರ ಕೈಗೆ ಎಟುಕದ ಕಡೆ ಹುಕ್ಕು ಇಡುವುದು ಅವಳಿಗೆ ಹೊಸದಲ್ಲ, ಪುಟ್ಟ ಹುಡುಗಿಯರ ಫ್ರಾಕಿಗೆ ದಿನಾ ಇಡುವುದೇ. ಅಂಚಿಗೆ ನಾಲ್ಕು ಹೂವನ್ನೂ ಹೆಣೆದಳು. ಅಂದದ ಕೆಲಸ.

ಕಿಟಕಿಯಿಂದ ಬೀದಿಗೆಲ್ಲ ಕಾಣುತ್ತಿತ್ತು. "ಎಷ್ಟು ಚೆನ್ನಾಗಿ ನೋಡ್ಕೊಳ್ತೀಯೇ! ನಮ್ಮನೇಲಿ ಆಗಿದ್ದರೆ ಹಗ್ಗ ಹಾಕ್ತಿದ್ರು" ಎಂದಳು ಬಟ್ಟೆ ಕೊಡಲು ಬಂದ ಒಬ್ಬಳು. ಗಂಡ ಊಟಕ್ಕೆ ಬಂದಾಗ, "ಬಸ್ಸು ಓಡಿಸೋದು ನಾನು, ಬೆಲ್ಟು ಹಾಕ್ಕೊಂಡು ಕೂರೋದು ಅಮ್ಮ" ಎಂದ. ಅತ್ತೆಯೂ ನಕ್ಕಳು. ಆಮೇಲೆ ಪಟ್ಟಿಯನ್ನು ಬೆರಳಿಂದ ಸವರಿ, ಅಂಚನ್ನು ತಿರುಗಿಸಿ ನೋಡಿ, "ಒಳ್ಳೇ ಹೊಲಿಗೆ ಇದು. ಯಾರು ಹೊಲಿದದ್ದೇ?" ಎಂದು ಕೇಳಿದಳು.

"ನಾನೇ ಅತ್ತೆ."

"ಭೇಷ್. ಕೈ ಕೂತಿದೆ."

ಅಷ್ಟು ವರ್ಷ ಬಾಯಿಬಿಟ್ಟು ಹೊಗಳದ ಅತ್ತೆ ಹೊಗಳಿದಳು ಎಂದು ಹೊಲಿಗೆಯಕ್ಕ ಅವತ್ತು ಉಬ್ಬಿಹೋದಳು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಕುಗ್ಗುತ್ತದೆ.

ಮೊದಮೊದಲು, ಬಟ್ಟೆ ತಲುಪಿಸಿ ಬರುವಷ್ಟು ಹೊತ್ತು ಮಾತ್ರ ಎಂದುಕೊಂಡಿದ್ದಳು. ಶಾಲೆಗಳು ತೆರೆಯುವ ಕಾಲ ಬಂತು. ಯೂನಿಫಾರ್ಮಿನ ಗುಡ್ಡೆ ಮೇಜಿನಿಂದ ಕಿಟಕಿ ಮುಟ್ಟಿತು. ಪಟ್ಟಿ ಬೆಳಗಿನ ಚಹಾಕ್ಕಿಂತ ಮೊದಲೇ ಬಿಗಿಯತೊಡಗಿತು. ಅತ್ತೆ ಏಳಬೇಕೆಂದು ಕೊಸರಾಡಿದರೆ, "ಈಗ ಬಿಚ್ಚಿದೆ ಅತ್ತೆ, ಈ ಒಂದು ತೋಳು ಆಗಲಿ" ಎನ್ನುತ್ತಿದ್ದಳು. ಆ ತೋಳು ಮುಗಿದರೆ ಇನ್ನೊಂದು ತೋಳು. ಕೆಲವೊಮ್ಮೆ ಕುರ್ಚಿ ಒದ್ದೆಯಾದ ಮೇಲೆ ಬಿಚ್ಚಿದ್ದೂ ಉಂಟು. ಆಗ ಗಟ್ಟಿಯಾಗಿ ಗದರಿದ್ದೂ ಉಂಟು. ಬರಬರುತ್ತಾ ಅತ್ತೆ ಕೊಸರಾಡುವುದನ್ನೇ ಬಿಟ್ಟಳು. ಬೆಳಿಗ್ಗೆ ಕುರ್ಚಿಯಲ್ಲಿ ಕೂತ ತಕ್ಷಣ, ಯಾರೂ ಹೇಳದೆ, ಎರಡೂ ತೋಳನ್ನು ಮೇಲಕ್ಕೆತ್ತಿ ಕಾಯುತ್ತಿದ್ದಳು. ಪಟ್ಟಿ ಸುತ್ತಲು ಎಷ್ಟು ಅನುಕೂಲ! ಸದ್ಯ, ಒಗ್ಗಿಕೊಂಡರಲ್ಲ ಎಂದುಕೊಂಡಳು ಸೊಸೆ.

ಎದುರಿನ ಬೇಕರಿಯವನು ಬಂದದ್ದು ಆ ದಿನಗಳಲ್ಲೇ. ಕೈಗೆ ಮೆತ್ತಿದ್ದ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ, "ಅಕ್ಕಾ, ನಮ್ಮಪ್ಪನಿಗೂ ಇಂಥದೊಂದು ಬೇಕು. ಹಾಸಿಗೆ ಮೇಲಿಂದ ಎದ್ದೆದ್ದು ಬೀಳ್ತಾನೆ ಮಹರಾಯ" ಎಂದ.

"ಬಂದು ಅಳತೆ ತಗೊಳ್ಲಾ?"

"ಅಯ್ಯೋ, ಅಳತೆ ಏನ್ ಬಂತು? ನನ್ನ ಹಾಗೇ ಇದ್ದಾನೆ ಅನ್ಕೋ, ಹೊಟ್ಟೆ ಒಂದನ್ನ ಬಿಟ್ಟು. ದಾರ ಮಾತ್ರ ಗಟ್ಟಿ ಹಾಕು. ಮುದುಕನ ಕೈ ಇನ್ನೂ ಜೋರಾಗಿದೆ."

ಅವಳು ನಗುತ್ತಲೇ ಹೊಲಿದಳು. ಅವಸರದಲ್ಲಿ ಒಳಪಟ್ಟಿ ಹಾಕಲಿಲ್ಲ. ಹೂವಂತೂ ಇಲ್ಲವೇ ಇಲ್ಲ. ರಸ್ತೆ ದಾಟಿದರೆ ಸಿಗುವ ಮನೆ, ಆದರೂ ಆ ಮುದುಕನ ಮೈ ಹೇಗಿದೆಯೆಂದು ಹೋಗಿ ನೋಡಲಿಲ್ಲ. ಬೇಕರಿಯವನು ಒಂದು ಕೇಕು ಕೊಟ್ಟ, ಅತ್ತೆ ಸೊಸೆ ಕೂತು ತಿಂದರು.

ಶಾಲೆಗಳು ತೆರೆದು ಕೆಲಸ ಸ್ವಲ್ಪ ಇಳಿದ ಮೇಲೆ ಒಂದು ಮಧ್ಯಾಹ್ನ ಬೇಕರಿಯ ಬಾಗಿಲು ಮುಚ್ಚಿತ್ತು. ಬೇಕರಿಯವನ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಸೊಂಟದಲ್ಲಿ ಹುಣ್ಣಾಗಿ ಕೀವು ತುಂಬಿತ್ತಂತೆ ಎಂದು ಬೀದಿಯಲ್ಲಿ ಸುದ್ದಿ. ಮಾರನೆಯ ದಿನ ಕಿಟಕಿಯಾಚೆ ಒಬ್ಬ ಹೆಂಗಸು ನಿಂತು, ಮನೆಯ ನಂಬರು ನೋಡಿ, ಬಾಗಿಲ ಕಡೆ ನಡೆದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಬಟ್ಟೆ ಚೀಲ.

ಹೊಲಿಗೆಯಕ್ಕ ಯಂತ್ರ ಬಿಟ್ಟು ಎದ್ದಳು. ಯಾಕೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೈ ಮಾತ್ರ ತಾನಾಗಿ ಕುರ್ಚಿಯ ಹಿಂದೆ ಹೋಗಿ ಹುಕ್ಕು ಬಿಚ್ಚಿತು, ಪಟ್ಟಿಯನ್ನು ಯೂನಿಫಾರ್ಮಿನ ಗುಡ್ಡೆಯ ಅಡಿಗೆ ತುರುಕಿತು, ಅತ್ತೆಯ ಮಡಿಲಿಗೊಂದು ಬಟ್ಟೆಯ ಚೂರು ಹಾಕಿತು. ತಪ್ಪಿಲ್ಲದವಳ ಕೈ ಅಷ್ಟು ಚುರುಕಾಗಿ ಆಡುತ್ತದೆಯೇ?

"ನಾನು ಹಿರಿಯರ ರಕ್ಷಣೆಯ ಅಧಿಕಾರಿ" ಎಂದಳು ಬಂದವಳು. "ಎದುರುಮನೆ ಹಿರಿಯರ ವಿಷಯ ಆಸ್ಪತ್ರೆಯವರು ನಮಗೆ ತಿಳಿಸಿದರು. ಅಂಥ ಗಾಯ ಕಂಡರೆ ವೈದ್ಯರು ತಿಳಿಸಲೇಬೇಕು, ಕಾನೂನಿದೆ. ಅವರ ಮಗ ಹೇಳಿದರು, ಹೊಲಿಗೆಯಕ್ಕನ ಮನೇಲೂ ಹೀಗೇ ಇದೆ, ನನ್ನೊಬ್ಬನ್ನೇ ಯಾಕೆ ಹಿಡೀತೀರಿ ಅಂತ."

"ಇಲ್ಲ ಮೇಡಂ. ಅದೆಲ್ಲ ಹಿಂದೆ ಯಾವಾಗಲೋ. ಈಗ ನೋಡಿ, ಆರಾಮಾಗಿ ಕೂತಿದಾರೆ."

"ಒಳ್ಳೇದು. ಅಜ್ಜಿ ಹತ್ರ ನಾನೊಬ್ಬಳೇ ಮಾತಾಡಬೇಕು. ನೀವು ಸ್ವಲ್ಪ ಒಳಗಿರ್ತೀರಾ?"

"ಅವರಿಗೆ ಏನೂ ನೆನಪಿರಲ್ಲ ಮೇಡಂ, ನಾನೇ ಹೇಳ್ತೀನಿ."

"ನೆನಪು ಹೋದರೂ ಅವರ ಮಾತು ಅವರದ್ದೇ ಅಲ್ವಾ. ಮನೆಯವರನ್ನ ಆಚೆ ಕಳಿಸಿ ಕೇಳಬೇಕು ಅಂತಾನೇ ನಿಯಮ ಇರೋದು."

ಹೊಲಿಗೆಯಕ್ಕ ಅಡುಗೆಮನೆಗೆ ಹೋಗಿ, ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಳು. ಅವಳಿಗೆ ಇದ್ದ ಹೆದರಿಕೆ ಒಂದೇ. ಅತ್ತೆ ಏನಾದರೂ ಅಂದುಬಿಟ್ಟರೆ ಇವರು ಅತ್ತೆಯನ್ನು ಕರೆದುಕೊಂಡು ಹೋಗುತ್ತಾರೆ, ನಾಳೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ.

"ಅಜ್ಜಿ, ಮನೇಲಿ ಚೆನ್ನಾಗಿ ನೋಡ್ಕೊಳ್ತಾರಾ?"

"ನೋಡ್ಕೊಳ್ಳದೆ ಏನು? ನನ್ನ ಸೊಸೆ ಬಂಗಾರ" ಎಂದಳು ಅತ್ತೆ. "ನೀನ್ಯಾರಮ್ಮ? ಅಂಗಿ ಯಾಕೆ ಇಷ್ಟು ಸಡಿಲ ಹೊಲಿಸಿದೀಯ? ದುಡ್ಡು ಹೆಚ್ಚಾಗಿತ್ತಾ?"

ಅಧಿಕಾರಿ ನಕ್ಕುಬಿಟ್ಟಳು. ಅಡುಗೆಮನೆಯಲ್ಲಿ ಹೊಲಿಗೆಯಕ್ಕನಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಎದ್ದು ಅತ್ತೆಯ ಹತ್ತಿರ ಹೋಗಿ, ಕುರ್ಚಿಯ ಪಕ್ಕ ಬಗ್ಗಿ, "ಎದ್ದು ಓಡಾಡ್ತೀರಾ ಅಜ್ಜಿ?" ಎಂದಳು.

ಯಾರೋ ಹತ್ತಿರ ಬಂದು ಬಗ್ಗಿದ್ದೇ ತಡ, ಅತ್ತೆ ಎರಡೂ ತೋಳನ್ನು ಮೇಲಕ್ಕೆತ್ತಿದಳು. ಎತ್ತಿ, ಹಾಗೇ ಕಾಯುತ್ತಾ ಕೂತಳು.

ಅಧಿಕಾರಿಗೆ ಅರ್ಥವಾಗಲಿಲ್ಲ. "ಏನಜ್ಜಿ?" ಎಂದಳು. ಅತ್ತೆಯ ತೋಳು ಸಣ್ಣಗೆ ನಡುಗುತ್ತಿತ್ತು, ಆದರೂ ಇಳಿಸಲಿಲ್ಲ. ಅಧಿಕಾರಿ ಅಡುಗೆಮನೆಯ ಕಡೆ ತಿರುಗಿದಳು. "ಇದ್ಯಾಕೆ ಹೀಗೆ ಮಾಡ್ತಾರೆ?"

ಹೊಲಿಗೆಯಕ್ಕ ಬಾಗಿಲಿಗೆ ಬಂದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೊಲಿಗೆಯವರಲ್ಲವೇ ಮೇಡಂ, ಅಳತೆ ಕೊಡ್ತಿದಾರೆ ಅಂದರೆ ಸಾಕಿತ್ತು. ಯಾರಾದರೂ ನಂಬುತ್ತಿದ್ದರು. "ಅದು... ಅಳತೆ..." ಎಂದು ಶುರು ಮಾಡಿದಳು ಕೂಡ.

ಅಷ್ಟರಲ್ಲಿ ಅಧಿಕಾರಿ ಚೀಲದಿಂದ ಬೇಕರಿಯವನ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ಇದು ನೀವು ಹೊಲಿದದ್ದಾ, ಅದನ್ನ ಮೊದಲು ಹೇಳಿ."

ಬಟ್ಟೆ ಕಂಡರೆ ಅತ್ತೆಯ ಕೈ ಸುಮ್ಮನಿರುತ್ತದೆಯೇ! ತೋಳು ಇಳಿಸಿ ಅದನ್ನೆತ್ತಿಕೊಂಡಳು. ಅಂಚು ತಿರುಗಿಸಿದಳು. ಒಂದು ಕಡೆ ಕಂದು ಬಣ್ಣದ ಕಲೆ ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಬೆರಳಾಡಿಸಿ ಮುಖ ಗಂಟಿಕ್ಕಿದಳು.

"ಯಾವ ಕತ್ತೆ ಹೊಲಿದದ್ದೇ ಇದು? ಒಳಪಟ್ಟಿ ಎಲ್ಲಿ? ಕಚ್ಚಿದೆ ನೋಡು, ಪಾಪ, ಯಾರಿಗೋ. ಅಳತೆ ತಗೊಂಡವರು ಹೀಗೆ ಹೊಲೀತಾರಾ?" ಎಂದವಳು ಸೊಸೆಯ ಮುಖ ನೋಡಿ, ಪಾಠ ಹೇಳುವ ಹಳೆಯ ದನಿಯಲ್ಲಿ, "ನೀನು ಮಾತ್ರ ಯಾವತ್ತೂ ಹೀಗೆ ಮಾಡಬೇಡ ಕಣೇ" ಎಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುವುದನ್ನು ಹೊಲಿಗೆಯಕ್ಕ ಎಷ್ಟೋ ಸಲ ಸುಮ್ಮನೆ ಅಂದಿದ್ದಳು. ಅವತ್ತು ನಿಜವಾಗಿ ಕಾಲಡಿಯ ನೆಲ ನೋಡಿದಳು. ಆಮೇಲೆ ಯೂನಿಫಾರ್ಮಿನ ಗುಡ್ಡೆಯ ಅಡಿಗೆ ಕೈಹಾಕಿ, ಹೂವಿನ ಪಟ್ಟಿ ಎಳೆದು, ಅದರ ಪಕ್ಕ ಇಟ್ಟಳು.

"ಎರಡೂ ನಾನೇ ಹೊಲಿದದ್ದು ಮೇಡಂ. ನೀವು ಬರುವಾಗ ಬಿಚ್ಚಿ ಅಡಗಿಸಿಟ್ಟೆ. ಕಟ್ಟಲಿ ಅಂತ ಕೈ ಎತ್ತಿದ್ದು ಅವರು. ದಿನಾ ಎತ್ತುತ್ತಾರೆ."

ಅಧಿಕಾರಿ ಹೂವುಗಳ ಮೇಲೆ ಬೆರಳಿಟ್ಟು ನೋಡಿದಳು.

"ಮೆತ್ತಗಿದೆಯಲ್ಲಾ ಅಂತ..." ಎಂದು ಹೊಲಿಗೆಯಕ್ಕ ತಾನೇ ಮಾತು ತೆಗೆದಳು. "ಬಿದ್ದು ಲಾರಿ ಕೆಳಗೆ ಹೋಗಬಾರದು ಅಂತ..."

"ಬೆತ್ತದಲ್ಲಿ ಹೊಡೆಯೋದು, ಉಪವಾಸ ಕೆಡವೋದು ಮಾತ್ರ ಹಿಂಸೆ ಅಂತ ಜನ ಅಂದ್ಕೋತಾರೆ. ತನ್ನನ್ನ ತಾನು ಕಾಪಾಡಿಕೊಳ್ಳೋಕೆ ಆಗದವರನ್ನ ಹೀಗೆ ಕಟ್ಟಿ ಕೂರಿಸಿದರೂ ಕಾನೂನಿನ ಕಣ್ಣಿಗೆ ಅದು ಹಿಂಸೇನೇ. ಬಟ್ಟೆ ಮೆತ್ತಗಿದೆ ಅಂತ ರಿಯಾಯಿತಿ ಇಲ್ಲ" ಎಂದಳು ಅಧಿಕಾರಿ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಅತ್ತೇನ ಕರ್ಕೊಂಡು ಹೋಗ್ತೀರಾ?"

"ಅದನ್ನ ಅವರನ್ನೇ ಕೇಳಬೇಕು. ಅಜ್ಜಿ, ಬೇರೆ ಕಡೆ ಹೋಗಿರ್ತೀರಾ, ಇಲ್ಲೇ ಇರ್ತೀರಾ?"

"ಎಲ್ಲಿಗೆ ಹೋಗ್ಲಿ? ಹೊಲಿಯೋದು ಬೆಟ್ಟದಷ್ಟು ಬಿದ್ದಿದೆ, ಇವಳೊಬ್ಬಳ ಕೈಲಿ ಆಗತ್ತಾ?" ಎಂದಳು ಅತ್ತೆ.

ಅತ್ತೆ ಉಳಿದಳು. ಪಟ್ಟಿ ಎರಡೂ ಅಧಿಕಾರಿಯ ಚೀಲಕ್ಕೆ ಹೋದವು. ಹೇಳದೆ ಕೇಳದೆ ಯಾವಾಗ ಬೇಕಾದರೂ ಬಂದು ನೋಡುತ್ತೇನೆ, ಮತ್ತೆ ಕಟ್ಟಿದ್ದು ಕಂಡರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ, ಬೇಕರಿಯವನ ವಿಚಾರಣೆಗೆ ನೀವೂ ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದಳು. ಹಗಲಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೇಂದ್ರವೊಂದು ಎರಡು ಬೀದಿಯಾಚೆಯೇ ಇತ್ತಂತೆ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಅವಳು ಯಾರನ್ನೂ ಕೇಳಿರಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಖಾಲಿ ಕುರ್ಚಿ ನೋಡಿದ. "ನಾನು ಬೆಲ್ಟು ಅಂತ ತಮಾಷೆ ಮಾಡಿದ್ದೆ ಅಲ್ವೇನೇ?" ಎಂದು ಕೇಳಿದ, ಗೊತ್ತಿಲ್ಲದವನಂತೆ. ಅವಳು ಹೂಂ ಎಂದಳು. ಅವನು ಎದ್ದು ಹೋಗಿ ಬಾಗಿಲಿಗೊಂದು ಗಂಟೆ ಕಟ್ಟಿದ, ತೆಗೆದರೆ ಸದ್ದಾಗುವಂತೆ.

ಅತ್ತೆ ಕೇಂದ್ರಕ್ಕೆ ಹೋದ ಮೊದಲ ದಿನ ಹೊಲಿಗೆಯಕ್ಕ ಯಂತ್ರಕ್ಕೆ ಮುಸುಕು ಹಾಕಿ ಆಸ್ಪತ್ರೆಗೆ ನಡೆದಳು. ಬೇಕರಿಯವನ ಅಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಮಗ್ಗುಲಾಗಿ ಮಲಗಿದ್ದ. ಮಗನ ಹಾಗೆ ಇರಲೇ ಇಲ್ಲ ಅವನು. ಅವನ ಇಡೀ ಮೈ ಮಗನ ಒಂದು ತೊಡೆಯಷ್ಟಿರಲಿಲ್ಲ. ಒಮ್ಮೆ ಮುಟ್ಟಿದ್ದರೆ, ದೂರದಿಂದ ಕಂಡಿದ್ದರೂ ಸಾಕಿತ್ತು, ಯಾವ ಕೈಯೂ ಆ ಸೊಂಟಕ್ಕೆ ಪಟ್ಟಿ ಕತ್ತರಿಸುತ್ತಿರಲಿಲ್ಲ.

"ನಾನು ಎದುರುಮನೆಯವಳು ತಾತಾ, ಹೊಲಿಗೆ..." ಎಂದು ಬಗ್ಗಿದಳು.

ಮುದುಕನ ಕಣ್ಣು ಅವಳ ಮುಖ ನೋಡಲಿಲ್ಲ. ಕೊರಳ ಹತ್ತಿರ ನಿಂತಿತು. ಬೆಳಿಗ್ಗೆ ಹಾಕಿಕೊಂಡ ಅಳತೆಯ ಟೇಪು ಅವಳ ಕೊರಳಲ್ಲೇ ಇತ್ತು, ಬಗ್ಗಿದಾಗ ಜಾರಿ ಹಾಸಿಗೆಯ ಮೇಲೆ ನೇತಾಡುತ್ತಿತ್ತು. ಅವನು ಆ ಪಟ್ಟಿಯನ್ನೇ ನೋಡುತ್ತಾ ಎರಡೂ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡ. ಅವಳು ಟೇಪನ್ನು ಕಿತ್ತು ಮುಷ್ಟಿಯೊಳಗೆ ಮುದುಡಿದಳು. ಮುದುಕ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಅವಳು ಹೋಗುವುದನ್ನೇ ಕಾಯುತ್ತಿದ್ದ. ಅವಳು ಹೋದಳು.

ಈಗಲೂ ಕೇಂದ್ರಕ್ಕೆ ರಜೆಯಿದ್ದ ದಿನ ಅತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಕೂತ ತಕ್ಷಣ ತೋಳು ಮೇಲೇಳುತ್ತದೆ. ಹೊಲಿಗೆಯಕ್ಕ ಕೆಲಸ ಬಿಟ್ಟು ಬಂದು, ಒಂದೊಂದಾಗಿ ಹಿಡಿದು ಮೆಲ್ಲಗೆ ಇಳಿಸುತ್ತಾಳೆ. "ಬೇಡ ಅತ್ತೆ, ಕಟ್ಟಲ್ಲ" ಎನ್ನುತ್ತಾಳೆ. ಅತ್ತೆ ಹೂಂ ಎನ್ನುತ್ತಾಳೆ, ಮಡಿಲಲ್ಲಿ ಕೈ ಇಟ್ಟುಕೊಳ್ಳುತ್ತಾಳೆ. ಸೊಸೆ ಯಂತ್ರದ ಕಡೆ ತಿರುಗಿ, ನೂಲು ಪೋಣಿಸಿ, ಕಣ್ಣೆತ್ತಿ ನೋಡುವಷ್ಟರಲ್ಲಿ ತೋಳು ಮತ್ತೆ ಮೇಲೆ ಹೋಗಿರುತ್ತದೆ. ಅವಳು ಸೂಜಿ ನಿಲ್ಲಿಸಿ ಮತ್ತೆ ಏಳುತ್ತಾಳೆ.