ಟೈಂ ಪ್ಲೀಸ್ ಅಂದವನ ಕಾರ್ಡುಗಳು

ಇವತ್ತು ಬೀರು ಒರೆಸುವಾಗ ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ತೆರೆದರೆ ಕರಗಿದ ರಬ್ಬರ್ ಬ್ಯಾಂಡಿನ ವಾಸನೆ, ಒಳಗೆ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು.

ಚಿಕ್ಕಂದಿನಲ್ಲಿ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ನಾನೂ ಪಕ್ಕದ ಮನೆಯ ಮಂಜನೂ ಅವುಗಳಿಗೆ ವಾರಕ್ಕೊಂದು ಹೊಸ ಆಟ ಕಟ್ಟುತ್ತಿದ್ದೆವು. ಒಂದರಲ್ಲಿ ಕಡಿಮೆ ತೂಕದ ಕುಸ್ತಿಪಟುವೇ ಗೆಲ್ಲಬೇಕು. ಎಲ್ಲ ಆಟಕ್ಕೂ ಒಂದೇ ಕಾನೂನು: ಆಟದ ಮಧ್ಯೆ 'ಟೈಂ ಪ್ಲೀಸ್' ಅಂತ ಎದ್ದುಹೋದವನ ಕಾರ್ಡು ಅವನು ಬರುವವರೆಗೆ ಯಾರೂ ತಿರುಗಿಸಬಾರದು.

ಮಂಜನ ಅಪ್ಪನಿಗೆ ವರ್ಗವಾಯಿತು. ಸಾಮಾನು ತುಂಬಿದ ಲಾರಿಯಿಂದ ಅವನಮ್ಮ ಕರೆದಾಗ, "ಟೈಂ ಪ್ಲೀಸ್ ಕಣೋ, ಬಂದೆ," ಅಂತ ಕಾರ್ಡುಗಳನ್ನು ಬೋರಲು ಹಾಕಿ ಹೋದ.

ಆಮೇಲೆ ನಾನು ಒಬ್ಬನೇ ಎಡಗೈಗೂ ಬಲಗೈಗೂ ಕಾರ್ಡು ಹಂಚಿ ಆಡುವ ಆಟ ಕಟ್ಟಿದೆ. ಅಮ್ಮ ಒಗ್ಗರಣೆ ಹಾಕುತ್ತಲೇ, "ಇವತ್ತು ಯಾರೋ ಗೆದ್ದಿದ್ದು?" ಅಂತ ಕೇಳುತ್ತಿದ್ದಳು.

"ಎಡಗೈ," ಅನ್ನುತ್ತಿದ್ದೆ.

ಡಬ್ಬಿಯ ತಳದಲ್ಲಿ ಮಂಜನ ಏಳು ಕಾರ್ಡು ಇನ್ನೂ ಬೋರಲಾಗಿಯೇ ಇವೆ. ಧೂಳು ಒರೆಸಿ ಹಾಗೇ ಮುಚ್ಚಿಟ್ಟೆ.