ಬಟ್ಟೆ ಯಾವ ಬಣ್ಣ?

ಕಡಲತೀರದಲ್ಲಿ ಕಾಲು ತೊಳೆಯುವ ನಲ್ಲಿಗಳಿಗೂ ಬಟ್ಟೆ ಬದಲಾಯಿಸುವ ಕೋಣೆಗಳಿಗೂ ನಡುವೆ ಒಂದು ತಗಡಿನ ಗೂಡು. ಒಳಗೆ ಮೈಕು, ಎರಡು ಕುರ್ಚಿ, ಒಂದು ರಿಜಿಸ್ಟರು, ಜೊತೆಗೆ ಮೈಕಕ್ಕ. ಕಳೆದುಹೋದ ಮಕ್ಕಳನ್ನು ಹೆತ್ತವರಿಗೆ ಒಪ್ಪಿಸುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಮಗುವಿನ ಹೆಸರನ್ನು ಮೈಕಿನಲ್ಲಿ ಹೇಳುವಂತಿಲ್ಲ. ಕೇಳಿಸಿಕೊಂಡ ಯಾವನೋ ಹೆಸರು ಹಿಡಿದು ಕರೆದರೆ ಮಗು ಅವನ ಹಿಂದೆ ಹೋದೀತು. ಹಾಗಾಗಿ ಬಟ್ಟೆಯ ಬಣ್ಣವಷ್ಟೇ ಹೇಳುವುದು.

ಆ ಬಣ್ಣದ ವಿಷಯಕ್ಕೇ ಅವಳ ಬಾಯಿ ಜೋರು. ತಡವರಿಸುವ ತಂದೆತಾಯಿಗೆ ಬೆವರಿಳಿಸುತ್ತಿದ್ದಳು.

“ಬೆಳಿಗ್ಗೆ ನೀವೇ ತಾನೆ ಹಾಕಿದ್ದು? ಕಣ್ಣು ಎಲ್ಲಿಟ್ಟಿದ್ರಿ?”

ಒಂದು ಭಾನುವಾರ, ಅವಳ ಅಮ್ಮನನ್ನು ನೋಡಿಕೊಳ್ಳುವ ಪಕ್ಕದ ಮನೆಯಾಕೆ ಊರಲ್ಲಿರಲಿಲ್ಲ. ಅಮ್ಮನಿಗೆ ಮರೆವು. ಹಾಲಿಟ್ಟರೆ ಹಾಲನ್ನೂ ಮರೆಯುವಳು, ಒಲೆಯನ್ನೂ ಮರೆಯುವಳು. ದಿನಾ ಸಂಜೆ ಮಗಳನ್ನೇ ಕೇಳುತ್ತಿದ್ದಳು, “ನಮ್ ಚಿಕ್ಕಿ ಸ್ಕೂಲಿಂದ ಬಂದ್ಲಾ?” ಚಿಕ್ಕಿ ಎಂದರೆ ಮೈಕಕ್ಕನೇ. ವಿಧಿಯಿಲ್ಲದೆ ಅಮ್ಮನನ್ನು ಕರೆತಂದು ಎರಡನೆಯ ಕುರ್ಚಿಯಲ್ಲಿ ಕೂರಿಸಿದಳು. ಮಧ್ಯಾಹ್ನ ಯಾರದೋ ಅವಳಿ ಮಕ್ಕಳ ರಾದ್ಧಾಂತ ಮುಗಿಸಿ ತಿರುಗಿದರೆ ಕುರ್ಚಿ ಖಾಲಿ.

ಶೌಚಾಲಯ, ನಲ್ಲಿ, ಕೋಣೆ ಎಲ್ಲ ನೋಡಿಬಂದಳು. ಎಲ್ಲೂ ಇಲ್ಲ. ಉಬ್ಬರದ ಹೊತ್ತು, ಕೆಂಪು ಬಾವುಟ ಏರಿತ್ತು. ಅಮ್ಮ ಕಾಣುತ್ತಿಲ್ಲ ಎಂದು ಕೂಗಿದಳು. ನೀರಿನ ಕಾವಲಿನವನು ತನ್ನ ಎತ್ತರದ ಕುರ್ಚಿಯಿಂದ ಇಳಿದುಬಂದ.

“ಗಾಬರಿಯಾಗ್ಬೇಡಿ ಅಕ್ಕಾ. ಬಟ್ಟೆ ಯಾವ ಬಣ್ಣ?”

ಮೈಕಕ್ಕ ಬಾಯಿ ತೆರೆದಳು. ಬೆಳಿಗ್ಗೆ ಬಟ್ಟೆ ತೊಡಿಸಿದ್ದು ಅವಳೇ, ಗುಂಡಿ ಹಾಕಿದ್ದೂ ಅವಳೇ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಕೈ ಕೆಲಸ ಮಾಡಿತ್ತು, ಕಣ್ಣು ಗಡಿಯಾರದ ಮೇಲಿತ್ತು.

“ಗೊತ್ತಿಲ್ಲ ಕಣೋ.”

ಅವನು ನೀರಿನಂಚಿಗೆ ಓಡಿದ. ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಬಣ್ಣವಿಲ್ಲದೆ ಸಾವಿರಾರು ಜನಕ್ಕೆ ಯಾರನ್ನು ಹುಡುಕಿ ಎನ್ನುವುದು? ತಾನು ಕಳೆದುಹೋಗಿದ್ದೇನೆ ಎಂಬುದು ಅಮ್ಮನಿಗೂ ಗೊತ್ತಿರದು. ಮೈಕಕ್ಕ ಗೂಡಿಗೆ ಮರಳಿ ಮೈಕು ಎಳೆದುಕೊಂಡಳು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೈಕಿನಲ್ಲಿ ಹೆಸರು ಹೇಳಿದಳು.

“ಚಿಕ್ಕಿ ಅನ್ನೋ ಹುಡುಗಿ ಕಳೆದುಹೋಗಿದ್ಲು, ಈಗ ಮೈಕಿನ ಗೂಡಲ್ಲಿದಾಳೆ. ಅವರಮ್ಮ ಬಂದು ಕರ್ಕೊಂಡು ಹೋಗ್ಬೇಕು. ಅವರು ದಾರಿ ಕೇಳಿದ್ರೆ ಯಾರಾದ್ರೂ ತೋರ್ಸಿ.”

ಐದು ಸಲ ಹೇಳಿದಳು. ಆರನೆಯ ಸಲಕ್ಕೆ ಉಸಿರೆಳೆದುಕೊಳ್ಳುವಾಗ ಮೊಣಕಾಲವರೆಗೆ ಒದ್ದೆಯಾದ ಅಮ್ಮ ಜನರನ್ನು ತಳ್ಳಿಕೊಂಡು ಬಂದಳು. ಮಗಳ ಮುಖ ನೋಡಿದಳು, ಗುರುತು ಸಿಗಲಿಲ್ಲ.

“ಎಲ್ಲಮ್ಮಾ ನನ್ ಮಗಳು? ಎಲ್ಲೆಲ್ಲಿ ಹುಡುಕೋದು ಅವಳನ್ನ!”

 ಮೈಕಕ್ಕನ ಬಾಯಿಗೆ ಬಂದದ್ದು ರೂಢಿಯ ಮಾತೇ.

“ಬಟ್ಟೆ ಯಾವ ಬಣ್ಣ?”

“ನೀಲಿ ಫ್ರಾಕು, ಬಿಳಿ ಕಾಲರು,” ಅಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. “ಕೊನೇ ಗುಂಡಿ ಕಿತ್ತುಹೋಗಿತ್ತು. ಬೆಳಿಗ್ಗೆ ಕೂರಿಸ್ಕೊಂಡು ನಾನೇ ಹೊಲಿದು ಕಳಿಸ್ದೆ.”

ಮೈಕಕ್ಕ ಆಗ ಅಮ್ಮನ ಬಟ್ಟೆ ನೋಡಿದಳು. ಬೂದು ಬಣ್ಣದ್ದು. ಅದರ ಕೊನೆಯ ಗುಂಡಿ ಇರಲಿಲ್ಲ.