ಗಾಳಿಯಲ್ಲಿ ನಿಂತುಹೋದ ಸದ್ದು

ನಮ್ಮ ಸೆಂಬವಾಂಗ್‌ನ ಸೂಪರ್‌ಮಾರ್ಕೆಟಿನಲ್ಲಿ ಬಂಗುಡೆ ತೆಗೆಯಲು ಫ್ರೀಜರಿನೊಳಗೆ ಬಗ್ಗಿದಾಗೆಲ್ಲ ಸ್ವಲ್ಪ ಹೊತ್ತು ಹಾಗೇ ನಿಂತುಬಿಡುತ್ತೇನೆ. ಚಳಿಗೂ ಒಂದು ವಾಸನೆಯಿದೆ ಎಂದರೆ ನೀವು ನಗಬಹುದು. ಒದ್ದೆ ಕಬ್ಬಿಣವನ್ನು ಮೂಗಿಗೆ ಹಿಡಿದ ಹಾಗಿರುತ್ತದೆ. ಹಿಂದೆ ನಿಂತವರು "ಅಂಕಲ್, ಸೈಡ್ ಲಾ" ಎಂದ ಮೇಲೆ ಸರಿಯುತ್ತೇನೆ.

ಆ ವಾಸನೆ ಪರಿಚಯವಾದದ್ದು ರಷ್ಯಾದ ಉತ್ತರ ತುದಿಯಲ್ಲಿ. ಹೈಸ್ಕೂಲು ಮುಗಿಸಿ, ವೆಲ್ಡಿಂಗ್ ಕಲಿತು, ಊರು ಬಿಟ್ಟು ಇಲ್ಲಿನ ಹಡಗುಕಟ್ಟೆ ಸೇರಿದ್ದ ನನ್ನನ್ನೂ ಕುಂದಾಪುರದ ವಾಸುವನ್ನೂ ಕಂಪನಿ ಒಂದು ಚಳಿಗಾಲ ಅಲ್ಲಿಗೆ ಪೈಪು ಜೋಡಿಸಲು ಕಳಿಸಿತ್ತು. ಮರವಿಲ್ಲ, ಹಕ್ಕಿಯಿಲ್ಲ. ಬಿರುಗಾಳಿ ಎದ್ದರೆ ದಿನಗಟ್ಟಲೆ ಇಳಿಯುತ್ತಿರಲಿಲ್ಲ. ಹಿಮ ಮೇಲಿಂದ ಬೀಳುವುದಲ್ಲ, ನೆಲದಿಂದೆದ್ದು ಅಡ್ಡಕ್ಕೆ ಓಡುತ್ತಿತ್ತು. ಚಾಚಿದ ಕೈ ಕಾಣದು. ನಮ್ಮ ತಗಡಿನ ಕೋಣೆ ನಮ್ಮ ಹಲ್ಲುಗಳ ಜೊತೆಗೇ ನಡುಗುತ್ತಿತ್ತು. ಆಗ ವಾಸು ಕಂಬಳಿಯೊಳಗಿಂದ ಬಂಗುಡೆ ಸಾರು ಮಾಡುತ್ತಿದ್ದ, ಬರೀ ಬಾಯಲ್ಲಿ. ಮೆಣಸು ಹುರಿಯುವುದರಿಂದ ಶುರು. ನಾನು ನಡುವೆ, "ಹುಳಿ ಹಾಕಿದೆಯಾ?" ಎಂದರೆ, "ಮಸಾಲೆ ಇನ್ನೂ ನುಣ್ಣಗಾಗ್ಲಿಲ್ಲ. ನಿಂಗೆ ಎಂತ ಅವಸರ ಮಾರಾಯ, ಬಸ್ಸು ಉಂಟಾ?" ಎನ್ನುತ್ತಿದ್ದ.

ಅಂಗಳದಾಚೆ ಜನರೇಟರ್ ಶೆಡ್ಡು. ಅದಕ್ಕೆ ಡೀಸೆಲ್ ಹಾಕದಿದ್ದರೆ ನಾವು ಉಳಿಯುವುದಿಲ್ಲ. ಒಬ್ಬ ಹೋಗಬೇಕು; ಇನ್ನೊಬ್ಬ ಬಾಗಿಲಲ್ಲಿ ತೂಗುಹಾಕಿದ ಪೈಪಿನ ತುಂಡನ್ನು ಸುತ್ತಿಗೆಯಿಂದ ಬಡಿಯುತ್ತಲೇ ಇರಬೇಕು. ಹೋದವನು ಆ ಸದ್ದು ಹಿಡಿದೇ ವಾಪಸು ಬರುವುದು. ಒಂದು ಮಧ್ಯಾಹ್ನ ವಾಸು ಹೋದ. ನಾನು ಬಡಿಯುತ್ತಿದ್ದೆ. ಕೈ ಮರಗಟ್ಟಿತು, ಕಾಯಿಸಿಕೊಂಡು ಬರೋಣವೆಂದು ಒಲೆಯ ಹತ್ತಿರ ಕೂತೆ. ಕಣ್ಣು ಮುಚ್ಚಿತು.

ಎಚ್ಚರವಾದಾಗ ಹುಚ್ಚನಂತೆ ಬಡಿದೆ. ಬಹಳ ಹೊತ್ತಿನ ಮೇಲೆ ಅವನು ತೆವಳಿಕೊಂಡು ಬಂದ. ಬಲಗೈಯಲ್ಲಿ ಗವಸು ಇರಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಅವನೇ, "ನೀನು ಬಡೀತಾನೇ ಇದ್ದೆ ಅಲ್ವಾ? ನನ್ನ ಕಿವಿಯೇ ಸತ್ತಿದೆ ಮಾರಾಯ" ಎಂದ. ನಾನು ಹೌದೆಂದು ತಲೆಯಾಡಿಸಿದೆ.

ವಾಪಸು ಬಂದ ಮೇಲೆ ವಾಸು ವೆಲ್ಡಿಂಗ್ ಬಿಟ್ಟು ಇಲ್ಲೇ ಬಿಶಾನ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ತಾನು ಕಿವುಡನೆಂದು ಎಲ್ಲರಿಗೂ ಹೇಳಿಕೊಂಡ. ಅವನ ಹೆಂಡತಿ ಅಂದಿನಿಂದ ಅವನೊಡನೆ ಕೂಗಿಯೇ ಮಾತಾಡುತ್ತಿದ್ದಳು. ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದರೆ ದೊಡ್ಡ ಮೀನು ಅವನ ತಟ್ಟೆಗೇ ಹಾಕುತ್ತಿದ್ದೆ. ಪಶ್ಚಾತ್ತಾಪಕ್ಕೆ ನಾನು ಹುಡುಕಿಕೊಂಡ ಸುಲಭದ ದಾರಿ ಅದು.

ಕಳೆದ ಭಾನುವಾರ ನಾವಿಬ್ಬರೂ ಊಟಕ್ಕೆ ಕೂತಿದ್ದಾಗ ನನ್ನ ಸೊಸೆ ಅಡುಗೆಮನೆಯಿಂದ, "ಅಂಕಲ್, ಒಂದು ಹಿಯರಿಂಗ್ ಟೆಸ್ಟ್ ಬುಕ್ ಮಾಡ್ಲಾ?" ಎಂದಳು.

"ಬೇಡಮ್ಮ, ನನ್ನ ಕಿವಿ ರಷ್ಯಾದಲ್ಲೇ ಉಂಟು" ಎಂದು ವಾಸು ನಕ್ಕ.

ಅವಳು ಕೇಳಿದ್ದು ಮಿಕ್ಸಿ ತಿರುಗುತ್ತಿರುವಾಗ; ಆ ಗದ್ದಲದಲ್ಲೂ ಅವನಿಗೆ ಒಂದೊಂದು ಮಾತೂ ಕೇಳಿಸಿತ್ತು.

"ವಾಸು, ಆವತ್ತು ನಾನು ಬಡೀಲಿಲ್ಲ. ನಿದ್ದೆ ಹೋಗಿದ್ದೆ."

ಅವನು ತುತ್ತು ಕೆಳಗಿಟ್ಟ. ಬೆರಳಿನ ಮಾತು ತೆಗೆಯುತ್ತಾನೆ ಎಂದುಕೊಂಡೆ.

"ಹಾಗಾದ್ರೆ ನನ್ನ ಕಿವಿ ಸರಿ ಇತ್ತಾ?"

"ಸರಿ ಇತ್ತು."

ಕೈ ತೊಳೆದು ಹೊರಟ. ಬಸ್ ಸ್ಟಾಪಿನವರೆಗೆ ಹಿಂದೆಯೇ ಹೋದೆ. ಬಸ್ಸು ಬಂದಾಗ ತಿರುಗಿ, "ಬರುವ ಭಾನುವಾರ ಬರ್ತೇನೆ. ಊಟಕ್ಕಲ್ಲ, ಬಯ್ಲಿಕ್ಕೆ" ಎಂದ.

"ಇವತ್ತೇ ಬಯ್ಯಿ."

"ಇವತ್ತು ಪುರುಸೊತ್ತಿಲ್ಲ. ಮನೆಗೆ ಹೋಗಿ ಅವಳಿಗೆ ಹೇಳ್ಬೇಕು, ಇನ್ನು ಕೂಗ್ಬೇಡ ಅಂತ."

ನಾಳೆ ಭಾನುವಾರ. ಅವನು ಏನೆಲ್ಲ ಬಯ್ಯಬಹುದೆಂದು ಯೋಚಿಸುತ್ತ ಕೂತಿದ್ದೇನೆ. ಒಂದಕ್ಕೂ ಅಡ್ಡ ಮಾತಾಡುವುದಿಲ್ಲ. ಬಂದರೆ ಸಾಕು.